‘ಹಾಗೇ ಇರ್ಲಿ’ ಸಾರ್ ಅವರ ನಡುಮನೆ

ಸಿನಿಮಾ, ಟಿ.ವಿ. ಲೋಕದಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಬಹಳ ದಿನ ಬಾಳುವುದಿಲ್ಲ. ನಮ್ಮ ನಿರ್ದೇಶಕರ ಹೆಸರೂ ಬಾಳಲಿಲ್ಲ. ಶಾಟ್ ಮುಗಿದ ಮೇಲೆ ಬೇರೆ ನಿರ್ದೇಶಕರು ‘ಕಟ್’ ಎಂದು ಸುಮ್ಮನಾಗುತ್ತಾರೆ. ಇವರು ‘ಕಟ್’ ಜೊತೆಗೇ ‘ಹಾಗೇ ಇರ್ಲಿ! ಯಾರೂ ಏನೂ ಮುಟ್ಬೇಡಿ!’ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಕೂಗಿ ಕೂಗಿ ಅದೇ ಅವರ ಹೆಸರಾಯಿತು. ‘ಹಾಗೇ ಇರ್ಲಿ ಸಾರ್ ಬಂದ್ರು’ ಎಂದು ಯಾರಾದರೂ ಪಿಸುಗುಟ್ಟಿದರೆ ಸಾಕು, ಲೈಟಿನವರಿಂದ ಹಿಡಿದು ಕಾಫಿ ಕೊಡುವವರವರೆಗೆ ಎಲ್ಲರೂ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಇಟ್ಟು ನೆಟ್ಟಗೆ ನಿಲ್ಲುತ್ತಿದ್ದರು.

ಈ ಚಟ ಅಂಟಿದ್ದು ಮೊದಲ ಕೆಲಸದಲ್ಲಿ. ಕಂಟಿನ್ಯುಟಿ ನೋಡಿಕೊಳ್ಳುವ ಸಹಾಯಕನಾಗಿ ಅವರು ಸಿನಿಮಾಕ್ಕೆ ಕಾಲಿಟ್ಟರು. ಸಿನಿಮಾದ ನಾಯಕ ಬಾಗಿಲು ತಟ್ಟುವುದು ಸೋಮವಾರ, ಒಳಗೆ ಕಾಲಿಡುವುದು ಶುಕ್ರವಾರ. ನಡುವೆ ಅವನೇನಾದರೂ ತಲೆಗೂದಲು ಕತ್ತರಿಸಿಕೊಂಡು ಬಂದರೆ, ತೆರೆಯ ಮೇಲೆ ಹೊಸ್ತಿಲು ದಾಟುವಷ್ಟರಲ್ಲಿ ಕ್ಷೌರವಾದಂತೆ ಕಂಡು ಜನ ನಗುತ್ತಾರೆ. ಆದ್ದರಿಂದ ಅಂಗಿಯ ಯಾವ ಗುಂಡಿ ಬಿಚ್ಚಿತ್ತು, ಲೋಟದಲ್ಲಿ ಕಾಫಿ ಎಷ್ಟು ಉಳಿದಿತ್ತು, ಕುರ್ಚಿ ಯಾವ ಕಡೆ ತಿರುಗಿತ್ತು ಎಂಬುದನ್ನೆಲ್ಲ ಒಬ್ಬ ಮನುಷ್ಯ ನೆನಪಿಟ್ಟುಕೊಳ್ಳಬೇಕು. ಬೇರೆಯವರು ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದರು. ಇವರಿಗೆ ಕಣ್ಣೇ ಸಾಕಿತ್ತು. ಹಸಿದವನಿಗೆ ಅನ್ನ ಕಂಡಂತೆ ಇವರಿಗೆ ತಪ್ಪು ಕಾಣುತ್ತಿತ್ತು.

ಆ ಕಣ್ಣಿಗೆ ಒಂದು ದಿನ ಬಟ್ಟೆ ಹೊಲಿಯುವ ವಿಭಾಗದ ಹುಡುಗಿ ಬಿದ್ದಳು. ಪಾತ್ರಧಾರಿಗಳ ಉಡುಪಿಗೆ ಬಟ್ಟೆ ಕತ್ತರಿಸುವುದು ಅವಳ ಕೆಲಸ. ಅವಳ ಕತ್ತರಿ ಒಮ್ಮೆ ಹೊರಟಿತೆಂದರೆ ಅಳುಕು ಅನುಮಾನ ಇಲ್ಲದೆ ಆ ತುದಿ ಮುಟ್ಟುತ್ತಿತ್ತು. ಇವರು ಹತ್ತಿರ ಹೋಗಿ, ‘ನಿನ್ನೆ ನಿಮ್ಮ ಕ್ಲಿಪ್ಪು ಎಡಗಡೆ ಇತ್ತು’ ಎಂದರು. ತನ್ನ ತಲೆಯ ಕ್ಲಿಪ್ಪನ್ನು ಇಷ್ಟು ಗಮನಿಸುವ ಗಂಡಸು ಇದ್ದಾನಲ್ಲ ಎಂದು ಅವಳು ಕರಗಿ ಮದುವೆಯಾದಳು. ಕ್ಲಿಪ್ಪು ಎಡಗಡೆಗೇ ವಾಪಸ್ಸು ಹೋಗಲಿ ಎಂಬ ಕಾಳಜಿಯಿಂದ ಆ ಮಾತು ಹೊರಟದ್ದೆಂದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು.

ನಿರ್ದೇಶಕರಾದ ಮೇಲೆ ಅವರು ಒಂದು ಸಿನಿಮಾ ಮಾಡಿದರು. ದುಡ್ಡು ಹಾಕಲು ಯಾರೂ ಬರದಿದ್ದರಿಂದ ನಿರ್ಮಾಪಕರೂ ತಾವೇ ಆದರು. ಇಡೀ ಚಿತ್ರದಲ್ಲಿ ಒಂದು ಗುಂಡಿ, ಒಂದು ಗುಟುಕು ಕಾಫಿ ಆಚೀಚೆಯಾಗಿರಲಿಲ್ಲ. ‘ಈ ಚಿತ್ರದಲ್ಲಿ ಲೋಟಗಳ ಅಭಿನಯ ಅಚ್ಚುಕಟ್ಟಾಗಿದೆ’ ಎಂದು ವಿಮರ್ಶಕರೊಬ್ಬರು ಬರೆದರು. ಜನ ಲೋಟ ನೋಡಲು ಬರಲಿಲ್ಲ. ಹೆಂಡತಿ ಮಾತ್ರ ನಾಲ್ಕು ಸಲ ನೋಡಿ, ನಾಲ್ಕೂ ಸಲ ಕೊನೆಯಲ್ಲಿ ಅತ್ತು, ‘ಚೆನ್ನಾಗೇ ಇದೆ, ಜನಕ್ಕೇನು ಗೊತ್ತು’ ಎಂದಳು.

ಆಮೇಲೆ ಟಿ.ವಿ. ಕೈ ಹಿಡಿಯಿತು. ಅತ್ತೆ, ಸೊಸೆ, ಒಂದು ದೊಡ್ಡ ಮನೆ, ಮನೆ ತುಂಬ ಜಗಳ. ಧಾರಾವಾಹಿ ಮೇಲೆದ್ದಿತು. ಅದೇ ವರ್ಷ ಗಂಡ ಹೆಂಡತಿ ಸ್ವಂತ ಮನೆಯನ್ನೂ ಕೊಂಡರು. ಆ ಮನೆಯನ್ನೇ ಕೊಂಡದ್ದು ನಡುಮನೆಯ ಕಿಟಕಿಗಾಗಿ. ಆಳೆತ್ತರದ ಕಿಟಕಿ, ಬೆಳಗಿನಿಂದ ಸಂಜೆಯವರೆಗೆ ಬೆಳಕು ಒಳಗೇ ಇರುತ್ತಿತ್ತು.

‘ಈ ಕಿಟಕಿ ನಿಂದು. ಇಲ್ಲಿ ನಿನ್ನ ಕತ್ತರಿಸೋ ಮೇಜು, ಅಲ್ಲಿ ನಿನ್ನ ಮಿಷಿನ್ನು. ನಾನು ಈ ಕಡೆ ತಲೆನೂ ಹಾಕಲ್ಲ’ ಎಂದು ಗಂಡ ಮಾತು ಕೊಟ್ಟರು.

ಬಡಗಿ ಉದ್ದನೆಯ ಮೇಜನ್ನು ತಂದಿಟ್ಟು ಹೋದ. ಅದರ ಮೇಲೆ ಇನ್ನೂ ಒಂದು ಗೇಣು ಬಟ್ಟೆ ಹರಡಿರಲಿಲ್ಲ, ಅತ್ತ ಶೂಟಿಂಗಿನ ಬಾಡಿಗೆ ಮನೆಯಲ್ಲಿ ರಾದ್ಧಾಂತವಾಯಿತು. ಆ ಮನೆಯ ಯಜಮಾನರು ತಮಗೂ ಒಂದು ಪಾತ್ರ ಬೇಕೆಂದು ಹಠ ಹಿಡಿದರು. ಪರೀಕ್ಷೆಗೆಂದು ಮಾತಾಡಿಸಿದರೆ ಬಾಯಿ ಬಿಟ್ಟವರು ಮುಚ್ಚಲೂ ಇಲ್ಲ, ಒಂದು ಮಾತು ಆಡಲೂ ಇಲ್ಲ. ಪಾತ್ರ ಇಲ್ಲವೆಂದಾಗ ಕ್ಯಾಮೆರಾ, ಸೋಫಾ, ಅತ್ತೆ, ಸೊಸೆ ಎಲ್ಲವೂ ಬೀದಿಗೆ ಬಿದ್ದವು.

‘ಹದಿನೈದೇ ದಿನ ಕಣೇ. ಬೇರೆ ಮನೆ ಸಿಗೋವರೆಗೆ ನಮ್ಮ ನಡುಮನೇಲೇ ಶೂಟಿಂಗು’ ಎಂದರು ನಿರ್ದೇಶಕರು.

ಹದಿನೈದು ದಿನ ಏಳು ವರ್ಷವಾಯಿತು. ನೋಡುಗರು ಹಳೆಯ ಮನೆಯನ್ನು ಕಂಡಾಗಿತ್ತಲ್ಲ, ಹಾಗಾಗಿ ಹೊಸ ಮನೆ ಹಳೆಯದರಂತೆಯೇ ಇರಬೇಕಾಯಿತು. ನಡುಮನೆಗೆ ಗಿಳಿಹಸಿರು ಬಣ್ಣ ಬಂತು. ಧಾರಾವಾಹಿಯಲ್ಲಿ ಮಹಡಿ ಇತ್ತು, ಇಲ್ಲಿ ಇರಲಿಲ್ಲ. ಆದ್ದರಿಂದ ಆರು ಮೆಟ್ಟಿಲು ಹತ್ತಿ ಗೋಡೆಗೆ ತಲೆ ಹೊಡೆಸಿಕೊಳ್ಳುವ ಮರದ ಏಣಿಮೆಟ್ಟಿಲು ಬಂತು. ಗಡಿಯಾರ ಹತ್ತೂವರೆಗೆ ನಿಂತಿತು. ಎಲ್ಲಕ್ಕಿಂತ ಮುಖ್ಯವಾಗಿ, ಹಗಲಿನ ಬೆಳಕು ಗಳಿಗೆಗೊಂದು ಬಗೆಯಾಗುತ್ತದೆ, ಅದನ್ನು ನೆಚ್ಚಲಾಗದು ಎಂದು ಕಿಟಕಿಗೆ ಕರಿಬಟ್ಟೆ ಹೊಡೆದರು. ಮನೆಯವರು ಹಿತ್ತಲ ಬಾಗಿಲಿನಿಂದ ಓಡಾಡಿದರು. ಮೇಜು ಹಿಂದಿನ ಕೋಣೆ ಸೇರಿ ಹಾಸಿಗೆ ದಿಂಬು ಹೊತ್ತು ನಿಂತಿತು. ಹೆಂಡತಿ ಮಂಚದ ಮೇಲೆ ಬಟ್ಟೆ ಹರಡಿ, ಮಂಡಿಯೂರಿ ಕತ್ತರಿಸತೊಡಗಿದಳು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ವರ್ಷಕ್ಕೊಮ್ಮೆ ಆಕೆ ಕೇಳುವಳು: ‘ರೀ, ನನ್ನ ಕಿಟಕಿ ಯಾವಾಗ ಕೊಡ್ತೀರಿ?’

‘ನಲವತ್ತು ಜನರ ಅನ್ನ ಕಣೇ ಇದು. ನೋಡೋಣ’ ಎಂದು ಅವರು ಅಡ್ಡಗೋಡೆಯ ಮೇಲೆ ದೀಪ ಇಡುವರು.

ಆ ನಲವತ್ತು ಜನರಲ್ಲಿ ಒಬ್ಬರಿಗೆ ಮಗಳ ಓದು, ಇನ್ನೊಬ್ಬರಿಗೆ ತಾಯಿಯ ಔಷಧಿ, ಎಲ್ಲವೂ ಇವರಿಗೆ ಬಾಯಿಪಾಠ. ಮನೆಗೆ ಮಾರಿ, ಊರಿಗೆ ಉಪಕಾರಿ. ಹೆಂಡತಿಗೂ ಆ ನಲವತ್ತು ಜನರ ಮೇಲೆ ಕೋಪವಿರಲಿಲ್ಲ. ಅವರೆಲ್ಲ ಆಕೆಯನ್ನು ‘ಅಕ್ಕಾ’ ಎನ್ನುತ್ತಿದ್ದರು. ಅವರ ಹರಿದ ಅಂಗಿಗೆ ಹೊಲಿಗೆ ಹಾಕುತ್ತಿದ್ದವಳೂ ಆಕೆಯೇ.

ಏಳನೆಯ ವರ್ಷ ಆಕೆಯ ತಾಳ್ಮೆ ತೀರಿತು. ಒಂದು ಭಾನುವಾರ ಸೋಫಾವನ್ನು ಎದುರು ಗೋಡೆಗೆ ಸರಿಸಿದಳು. ಸೋಮವಾರ ಬೆಳಿಗ್ಗೆ ನಿರ್ದೇಶಕರು ಬಂದು, ನೆಲದ ಮೇಲಿದ್ದ ಸೋಫಾ ಕಾಲಿನ ಗುರುತು ಕೂಡ ತಪ್ಪದಂತೆ ಅದನ್ನು ಇದ್ದಲ್ಲಿಗೇ ಇಟ್ಟರು. ಆಗ ಆಕೆಗೆ ಜ್ಞಾನೋದಯವಾಯಿತು. ಸರಿಸಿದ್ದನ್ನು ವಾಪಸ್ಸು ಇಡಬಹುದು, ಕತ್ತರಿಸಿದ್ದನ್ನು ಏನು ಮಾಡುತ್ತಾರೆ? ಮುಂದಿನ ಭಾನುವಾರ ಸೋಫಾದ ಕೆಂಪು ಗೌಸು ನಾಲ್ಕು ಕೈಚೀಲವಾಯಿತು. ಸೋಫಾಕ್ಕೆ ನೀಲಿ ಪಟ್ಟೆಯ ಹೊಸ ಗೌಸು ಬಂತು.

‘ಯಾರು? ಯಾರು ಮುಟ್ಟಿದ್ದು?’ ನಿರ್ದೇಶಕರ ಕಿರುಚಾಟಕ್ಕೆ ಗಡಿಯಾರವೂ ಹೆದರಿ ನಡೆಯಬೇಕಿತ್ತು.

‘ನಾನೇ. ಹಳೇದಾಗಿತ್ತು’ ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ನಿಂತು.

‘ಶನಿವಾರ ಅತ್ತೆ ಕೆಂಪು ಸೋಫಾದ ಮೇಲೆ ಕೂತು ಅಳ್ತಾ ಇದ್ದರು ಕಣೇ! ಇವತ್ತು ಕಣ್ಣು ಒರೆಸ್ಕೊಳ್ಳೋವಷ್ಟರಲ್ಲಿ ಅದು ನೀಲಿಯಾದರೆ ಏನಂತಾರೆ ಜನ?’

‘ಎದ್ದು ಹೋಗಿ ಬಂದರು ಅನ್ನಿ. ಎಷ್ಟು ದಿನ ಅಂತ ಅಲ್ಲೇ ಕೂತು ಅಳ್ತಾರೆ ಪಾಪ.’

ಅದೇ ಕೆಂಪು ಬಟ್ಟೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ರಾತ್ರಿಯ ಪ್ರಸಾರಕ್ಕೆ ಕಂತು ಹೋಗಲೇಬೇಕು. ವಿಧಿಯಿಲ್ಲದೆ ನಿರ್ದೇಶಕರು ಕಥೆಯನ್ನೇ ತಿರುಗಿಸಿದರು: ಸೊಸೆ ಅತ್ತೆಯನ್ನು ಕೇಳದೆ ಗೌಸು ಬದಲಿಸಿದಳು. ಅತ್ತೆ ಪಾತ್ರದ ನಟಿಗೆ ಏಳು ವರ್ಷ ಅತ್ತು ಅತ್ತು ಬೇಸರ ಬಂದಿತ್ತು. ನೀಲಿ ಸೋಫಾ ಕಂಡದ್ದೇ ತಡ, ಎಲ್ಲಿತ್ತೋ ಏನೋ ಆ ಆವೇಶ, ಬರೆದ ಮಾತಿನ ಜೊತೆ ಬರೆಯದ ಮಾತನ್ನೂ ಸೇರಿಸಿ ಬೈದರು. ಜನ ಕುಣಿದಾಡಿದರು. ಮುಂದಿನ ವಾರ ಪರದೆ ಲಂಗವಾಯಿತು. ಆಮೇಲಿನ ವಾರ ಮೇಜುಹಾಸು ಮಾಯವಾಯಿತು. ಹೆಂಡತಿ ಕತ್ತರಿಸಿದಂತೆಲ್ಲ ನಿರ್ದೇಶಕರು ಕಥೆ ಹೊಲಿದರು. ಇವರು ಚಾಪೆ ಕೆಳಗೆ ತೂರಿದರೆ ಆಕೆ ರಂಗೋಲಿ ಕೆಳಗೆ ತೂರಿದಳು. ಕತ್ತರಿಯಿಂದ ಧಾರಾವಾಹಿಯನ್ನು ಕೊಲ್ಲಲು ಹೊರಟವಳು ಅದಕ್ಕೆ ಜೀವ ತುಂಬಿದ್ದಳು.

ಚಾನೆಲ್ಲಿನ ಮುಖ್ಯಸ್ಥರು ಖುದ್ದಾಗಿ ಹಿತ್ತಲ ಬಾಗಿಲಿನಿಂದ ಬಂದರು. ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿಯುತ್ತ, ‘ಸಾರ್, ಎಂಥ ಐಡಿಯಾ ಸಾರ್! ಇನ್ನೂ ಎರಡು ವರ್ಷ ಓಡಿಸೋಣ’ ಎಂದರು. ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಲಿಲ್ಲ. ಅವರು ಹೋದ ಮೇಲೆ ಆಕೆ ಕತ್ತರಿಯನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದ್ದನ್ನು ಮಾತ್ರ ನಿರ್ದೇಶಕರು ಕಂಡರು. ಈ ಸಲ ಏನಾದರೂ ಮಾಡಲೇಬೇಕೆಂದು ಅವರಿಗೆ ನಿಜವಾಗಿಯೂ ಅನಿಸಿತು.

ಅವರು ಮಾಡಿದ್ದಾದರೂ ಏನು? ಮೂರು ದಿನ ತಲೆ ಕೆಡಿಸಿಕೊಂಡು ಕಥೆಯಲ್ಲಿ ಸೊಸೆಯ ಕೈಗೆ ಕತ್ತರಿ ಕೊಟ್ಟರು. ಸೊಸೆ ಹೊಲಿಗೆ ಶುರು ಮಾಡುತ್ತಾಳೆ, ಕಿಟಕಿಯ ಪಕ್ಕ ಮೇಜು ಹಾಕುತ್ತಾಳೆ. ಕರಿಬಟ್ಟೆ ಇಳಿಯಿತು. ಹಿಂದಿನ ಕೋಣೆಯ ಮೇಜು, ಹಾಸಿಗೆ ದಿಂಬು ಕೊಡವಿಕೊಂಡು, ನಾಲ್ಕು ಜನರ ಹೆಗಲೇರಿ ನಡುಮನೆಗೆ ಬಂತು. ಮೊದಲ ದಿನದ ಚಿತ್ರೀಕರಣ ಮುಗಿಸಿ ನಿರ್ದೇಶಕರು ಹೆಂಡತಿಯನ್ನು ಕೈ ಹಿಡಿದು ಕರೆತಂದರು. ಯುದ್ಧ ಗೆದ್ದ ರಾಜನ ಮುಖ ಅವರದು.

‘ನೋಡು. ನಿನ್ನ ಕಿಟಕಿ, ನಿನ್ನ ಮೇಜು. ಕೊಟ್ಟ ಮಾತು ಉಳಿಸ್ಕೊಂಡೆನೋ ಇಲ್ವೋ?’

ಆಕೆ ಕಿಟಕಿ ನೋಡಿದಳು. ಮಧ್ಯಾಹ್ನದ ಬೆಳಕು ಮೇಜಿನ ಮೇಲೆ ಹರಡಿತ್ತು. ನೆರಿಗೆ ಬಿಚ್ಚಿದಂತೆ ಆಕೆಯ ಮುಖ ಬಿಚ್ಚಿಕೊಂಡಿತು. ಮೇಜಿನ ಮೇಲೆ ಸೊಸೆ ಪಾತ್ರದವಳು ಅಡ್ಡಾದಿಡ್ಡಿ ಅರ್ಧ ಕತ್ತರಿಸಿದ ಬಟ್ಟೆ ಬಿದ್ದಿತ್ತು. ಅಭ್ಯಾಸದ ಕೈ, ಸುಮ್ಮನಿರಲಿಲ್ಲ. ಆಕೆ ಬಟ್ಟೆಯನ್ನು ನೇರ ಮಾಡಿ ಕತ್ತರಿ ಎತ್ತಿಕೊಂಡಳು.

‘ಹಾಗೇ ಇರ್ಲಿ!’ ನಿರ್ದೇಶಕರ ಬಾಯಿ ಅವರನ್ನು ಕೇಳದೆ ಕೂಗಿತು. ‘ಮುಟ್ಬೇಡ ಕಣೇ! ಸೀನ್ ಅರ್ಧ ಆಗಿದೆ, ನಾಳೆ ಇಲ್ಲಿಂದಲೇ ಶುರು!’

ಇನ್ನೂ ಮನೆಗೆ ಹೊರಡದ ನಲವತ್ತು ಜನ ಇದ್ದಲ್ಲೇ ನಿಂತರು. ಅಕ್ಕ ಈಗ ಬೈಯುತ್ತಾಳೆ, ಈಗ ಬಟ್ಟೆ ಚಿಂದಿ ಮಾಡುತ್ತಾಳೆ ಎಂದು ಕಾದರು. ಆಕೆ ಕತ್ತರಿಯನ್ನು ಎಲ್ಲಿತ್ತೋ ಅಲ್ಲಿಗೇ, ಹಿಡಿ ಯಾವ ಕಡೆಗಿತ್ತೋ ಆ ಕಡೆಗೇ ತಿರುಗಿಸಿ ಇಟ್ಟಳು. ಹಿಂದಿನ ಕೋಣೆಗೆ ಹೋದಳು.

ಕ್ಯಾಮೆರಾದವರು ಮೆಲ್ಲಗೆ, ‘ಸಾರ್, ಹೋಗಿ ಸಾರ್’ ಎಂದರು.

ಹಿಂದಿನ ಕೋಣೆಯಲ್ಲಿ ಹಗಲಲ್ಲೂ ಬಲ್ಬು ಉರಿಯುತ್ತಿತ್ತು. ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರದ ತುದಿ ಸೂಜಿಯ ಈ ಪಕ್ಕ ಹೋಯಿತು, ಆ ಪಕ್ಕ ಹೋಯಿತು, ಕಣ್ಣಿಗೆ ಮಾತ್ರ ಹೋಗಲಿಲ್ಲ. ಆಕೆ ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿ ಮತ್ತೆ ಪ್ರಯತ್ನಿಸಿದಳು. ಆಮೇಲೆ ಬಾಗಿಲಲ್ಲಿ ನಿಂತ ಗಂಡನ ಕಡೆ ಸೂಜಿ ಚಾಚಿದಳು.

‘ಪೋಣಿಸಿ ಕೊಡ್ರೀ. ಈ ಬೆಳಕಲ್ಲಿ ಕಾಣಲ್ಲ ನಂಗೆ.’

‘ಯಾವಾಗಿಂದ ಕಾಣಲ್ಲ?’

‘ಎರಡು ವರ್ಷ ಆಯ್ತು. ಹಿತ್ತಲಿಗೆ ಹೋಗಿ ಬಿಸಿಲಲ್ಲಿ ನಿಂತು ಪೋಣಿಸ್ಕೊಂಡು ಬರ್ತೀನಿ. ಇವತ್ತು ಏಳಕ್ಕೆ ಮನಸ್ಸಾಗ್ಲಿಲ್ಲ.’

ನಿರ್ದೇಶಕರು ಆಕೆಯ ಪಕ್ಕ ನೆಲದ ಮೇಲೆ ಕೂತರು. ದಾರ ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ಹೋಯಿತು. ಅವರ ಕಣ್ಣು ಅಷ್ಟು ಚುರುಕಾಗಿತ್ತು. ಎರಡು ವರ್ಷ ಹೆಂಡತಿ ದಿನಾ ತಮ್ಮ ಮುಂದೆಯೇ ಸೂಜಿ ಹಿಡಿದು ಹಿತ್ತಲಿಗೆ ಹೋಗಿ ಬಂದದ್ದು ಆ ಕಣ್ಣಿಗೆ ಕಂಡಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಅಳು ಬಂದದ್ದನ್ನು ಅವರು ಮುಚ್ಚಿಡಲೂ ಇಲ್ಲ.

‘ಅತ್ತೆ ಪಾತ್ರದವರೇ ವಾಸಿ, ಅಂದವಾಗಿ ಅಳ್ತಾರೆ’ ಎಂದಳು ಹೆಂಡತಿ, ತನ್ನ ಸೆರಗಿನಿಂದ ಅವರ ಮೂಗು ಒರೆಸುತ್ತ.

ಮರುದಿನ ನಿರ್ದೇಶಕರು ಕೊನೆಯ ಕಂತು ಬರೆದರು. ಯಾರೂ ಸಾಯಲಿಲ್ಲ, ಯಾರೂ ಜೈಲಿಗೆ ಹೋಗಲಿಲ್ಲ. ಧಾರಾವಾಹಿಯ ಸಂಸಾರ ಮನೆ ಖಾಲಿ ಮಾಡಿತು, ಅಷ್ಟೇ. ಅತ್ತೆ ಗಡಿಯಾರ ಹೊತ್ತರು, ಸೊಸೆ ಕುರ್ಚಿ ಹೊತ್ತಳು, ನೀಲಿ ಸೋಫಾ ಮುಂಬಾಗಿಲಿನಿಂದ ಹೊರಗೆ ಹೋಯಿತು. ಚಾನೆಲ್ಲಿನ ಮುಖ್ಯಸ್ಥರು ಕೈಕಾಲು ಹಿಡಿದುಕೊಂಡರು. ‘ಹೊಸ ಕಥೆ ಕೊಡ್ತೀನಿ, ಇದೇ ನಲವತ್ತು ಜನ ಇರ್ತಾರೆ. ಆದರೆ ಮನೆ ಇಲ್ಲ’ ಎಂದರು ನಿರ್ದೇಶಕರು. ‘ಮನೆಗೇನು ಸಾರ್, ನಮ್ಮ ಮನೇದೇ ನಡುಮನೆ ಇದೆಯಲ್ಲ, ಸ್ವಲ್ಪ ದಿನಕ್ಕೆ ತಾನೇ?’ ಎಂದರು ಮುಖ್ಯಸ್ಥರು. ಪಾಪ, ಅವರ ಹೆಂಡತಿಗೆ ಇನ್ನೂ ವಿಷಯ ಗೊತ್ತಿಲ್ಲ.

ಎಲ್ಲರೂ ಹೋದ ಮೇಲೆ ನಡುಮನೆಯಲ್ಲಿ ಉಳಿದದ್ದು ಕಿಟಕಿ, ಮೇಜು ಮತ್ತು ಹೆಂಡತಿ. ಆಕೆ ಬಟ್ಟೆ ಹರಡಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ನಿರ್ದೇಶಕರು ಒಂದು ಕುರ್ಚಿ ಹಿಡಿದುಕೊಂಡು ಬಂದರು. ಏಳು ವರ್ಷ ಆ ಕೋಣೆಯಲ್ಲಿ ಯಾರು ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳಿದವರಿಗೆ ತಾವು ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಬಾಗಿಲ ಬಳಿ ಇಟ್ಟು ನೋಡಿದರು, ಗೋಡೆಯ ಬಳಿ ಇಟ್ಟು ನೋಡಿದರು.

‘ನಾನು ಎಲ್ಲಿ ಕೂತ್ಕೊಳ್ಳಲೇ?’ ಎಂದು ಕೊನೆಗೆ ಕೇಳಿದರು.

ಆಕೆ ತಲೆ ಎತ್ತಲಿಲ್ಲ. ‘ಎಲ್ಲಾದರೂ ಕೂತ್ಕೊಳ್ರೀ. ಬೆಳಕಿಗೆ ಅಡ್ಡ ಮಾತ್ರ ಕೂತ್ಕೋಬೇಡಿ.’

ನಿರ್ದೇಶಕರು ಕುರ್ಚಿಯನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದರು.