ಬೋಜಪ್ಪನ ತಾಯಿಗೆ ತೋರಿಸಿದ ವಿಮಾನ

ಸೋಮವಾರಪೇಟೆಯಲ್ಲಿ ಪೆಟ್ರೋಮ್ಯಾಕ್ಸ್ ರಿಪೇರಿ ಮಾಡುತ್ತಿದ್ದ ಕರಿಬಸಪ್ಪನಷ್ಟು ಮೊಂಡ ಮನುಷ್ಯನನ್ನು ನಾನು ಕಂಡಿಲ್ಲ. ಅವನ ಅಂಗಡಿಗೆ ಅಂಟಿಕೊಂಡೇ ನನ್ನ ಹೊಲಿಗೆ ಮೆಷಿನ್ನು. ಎಂಟು ವರ್ಷ ಪಕ್ಕದಲ್ಲಿ ಕೂತರೂ ಬರ್ಮಾ ಯುದ್ಧದ ಬಗ್ಗೆ ಅವನ ಬಾಯಿಂದ ಹೊರಟದ್ದು ಒಂದೇ ಮಾತು: "ಬೋಜಪ್ಪ ನಿದ್ದೇಲೇ ಹೋದ. ಅವ್ನಿಗೆ ಗೊತ್ತೇ ಆಗ್ಲಿಲ್ಲ."

ಬೋಜಪ್ಪ ಮಡಿಕೇರಿ ಕಡೆಯ ಕೊಡವರ ಹುಡುಗ, ಸೈನ್ಯದಲ್ಲಿ ಇವನ ಜೊತೆಗಾರ. ಜಪಾನಿನ ವಿಮಾನವೊಂದು ಅವನನ್ನು ಕೊಂದಿತ್ತು. ಪ್ರತಿ ವರ್ಷ ಹುತ್ತರಿ ಹಬ್ಬ ಕಳೆದ ಮೇಲೆ ಕರಿಬಸಪ್ಪ ಅವನ ತಾಯಿ ಬೊಳ್ಳವ್ವನನ್ನು ನೋಡಿಬರುತ್ತಿದ್ದ. ಮುದುಕಿ ಪ್ರತಿ ಸಲ ಕೇಳುತ್ತಿದ್ದದ್ದು ಆ ವಿಮಾನ ಹೇಗಿತ್ತು ಎಂದು.

ಕೊಡಗು ಇನ್ನೂ ತನ್ನಷ್ಟಕ್ಕೆ ಒಂದು ರಾಜ್ಯವಾಗಿದ್ದ ಕಾಲ, ೧೯೫೪. ಎಸ್ಟೇಟ್ ಮಾರಿ ಹೊರಟ ಇಂಗ್ಲಿಷ್ ದೊರೆಯೊಬ್ಬ ಮಗನ ಆಟದ ಪೆಟ್ಟಿಗೆಯೊಂದನ್ನು ಕರಿಬಸಪ್ಪನಿಗೆ ಕೊಟ್ಟುಹೋದ. ಒಳಗೆ ಪ್ಲಾಸ್ಟಿಕ್ಕಿನ ಬಿಡಿ ಭಾಗಗಳು. ಜೋಡಿಸಿದರೆ ಗೇಣುದ್ದದ ಜಪಾನಿ ವಿಮಾನ. ಮುಚ್ಚಳದ ಚಿತ್ರವನ್ನು ನನ್ನ ಕಡೆ ತಿರುಗಿಸಿದ. "ಇದೇ ಕಣೋ ಗಂಗಣ್ಣ," ಎಂದ.

ಹದಿನೈದು ದಿನ ಗಿರಾಕಿಗಳ ದೀಪಗಳು ಹಾಗೇ ಬಿದ್ದಿದ್ದವು. ಒಂದೊಂದೇ ಭಾಗವನ್ನು ಬ್ಲೇಡಿನಿಂದ ಬಿಡಿಸಿ, ಮರಳುಕಾಗದದಲ್ಲಿ ಉಜ್ಜಿ ಕೂಡಿಸಿದ. ಅಂಟು ಹೆಚ್ಚಾದರೆ ಪ್ಲಾಸ್ಟಿಕ್ಕೇ ಕರಗುತ್ತಿತ್ತು. ಬಲರೆಕ್ಕೆಯ ಮೇಲೆ ಅವನ ಹೆಬ್ಬೆಟ್ಟಿನ ಗುರುತು ಉಳಿದೇಹೋಯಿತು. ಕಡಲೆಕಾಳಿನಷ್ಟಿದ್ದ ಪೈಲಟ್ಟನ್ನು ಒಲೆಗೆ ಹಾಕು ಎಂದು ನಾನು ಸಿಡುಕಿದೆ.

"ಬ್ಯಾಡ. ಅವ ಅವ್ನ ಕೆಲ್ಸ ಮಾಡ್ದ. ನಾನು ನಂದು ಮಾಡ್ಲಿಲ್ಲ."

ರೆಕ್ಕೆಗಳ ತಳಭಾಗದ ಕೆಂಪು ಸೂರ್ಯಗಳನ್ನು ಚಿತ್ರ ನೋಡದೆಯೇ ಬರೆದ. ಮೇಲ್ಭಾಗಕ್ಕೆ ಬಂದಾಗ ಬ್ರಷ್ ಕೆಳಗಿಟ್ಟ. "ಕೆಳಗಿಂದ ಎಲ್ಲಾ ನೋಡೀನಿ. ಅಷ್ಟು ಹೊತ್ತಿತ್ತು," ಎಂದ. ಆಮೇಲೆ ನಿಜ ಹೇಳಿದ.

ಆ ಬೆಳಿಗ್ಗೆ ಆಕಾಶ ಕಾಯುವ ಸರದಿ ಅವನದು. ವಿಮಾನ ಕಂಡರೆ ಸೀಟಿ ಊದಬೇಕು. ಸೀಟಿಯನ್ನು ಟೆಂಟಿನಲ್ಲೇ ಮರೆತಿದ್ದ. ಗಾಬರಿಯಲ್ಲಿ ಬಂದೂಕೆತ್ತಿ ಎರಡು ಗುಂಡು ಹಾರಿಸಿದ. ಉಳಿದವರೆಲ್ಲ ಕಂದಕಕ್ಕೆ ಹಾರಿದರು. ಆದರೆ ಕೊಡವರಲ್ಲಿ ಎರಡು ಗುಂಡು ಕೇಳಿತೆಂದರೆ ಯಾರದೋ ಮನೆಯಲ್ಲಿ ಸಾವು. ಉಳುತ್ತಿದ್ದವನೂ ನೇಗಿಲು ಬಿಟ್ಟು ಆ ಮನೆಗೆ ನಡೆಯುತ್ತಾನೆ. ರಾತ್ರಿಪಾಳಿ ಮುಗಿಸಿ ಮಲಗಿದ್ದ ಬೋಜಪ್ಪ ನಿದ್ದೆಗಣ್ಣಿನಲ್ಲೇ ಎದ್ದು, ಅಂಗಿ ತೊಡುತ್ತಾ ಬಯಲಿಗೆ ಬಂದ.

"'ಯಾರ ಮನೇಲಿ?' ಅಂತ ಕೇಳ್ತಾ ನನ್ ಕಡೀಕೇ ಬಂದ ಕಣೋ. ಅವ್ನ ಅವ್ವಂಗೆ ಹೇಳ್ಬಿಡ್ತೀನಿ. ಈ ಭಾರ ಹೊರಕ್ಕಾಗಲ್ಲ."

ಹೇಳು ಎಂದವನು ನಾನೇ, ಬುದ್ಧಿಗೇಡಿ. ಬಿಸ್ಕತ್ತಿನ ಡಬ್ಬಿಗೆ ಬಟ್ಟೆಚೂರು ತುಂಬಿ, ವಿಮಾನವನ್ನು ಅದರೊಳಗಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಜೊತೆಗೆ ಹೋದೆ.

ಬೊಳ್ಳವ್ವ ಜಗಲಿಯಲ್ಲಿ ಕೂತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕರಿಬಸಪ್ಪ ಕೈಮುಗಿದು ನಿಂತೇ ಎಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಬೈಗುಳಕ್ಕೆ ಕಾದ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದ.

"ಹಾಗಾದ್ರೆ ಅವ ಮಲಗಿರ್ಲಿಲ್ಲ," ಎಂದರು ಬೊಳ್ಳವ್ವ.

"ಇಲ್ಲ ಅವ್ವಾ. ಎದ್ದು ಬಂದ."

ಅವರು ವಿಮಾನವನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. "ಸಣ್ಣವ ಇದ್ದಾಗ ಒಮ್ಮೆ ಗುಂಡು ಕೇಳಿಯೂ ಏಳದೆ ಮಲಗಿದ್ದ. ಬೆತ್ತ ತಗೊಂಡು ಹೊಡೆದೆ. ಎರಡು ಗುಂಡು ಕೇಳಿದ್ರೆ ಕೈಯಲ್ಲಿರೋ ತುತ್ತೂ ಬಿಟ್ಟು ಹೊರಡ್ಬೇಕು ಅಂತ ಕಲಿಸಿದವಳು ನಾನೇ."

ಕರಿಬಸಪ್ಪ ಏನೋ ಹೇಳಲು ಹೋದ. ಅವರು ಕೈಯೆತ್ತಿ ತಡೆದು ಒಳಗೆ ಹೋದರು.

ಭಾರ ಇಳಿಸಲು ಹೋದವನು ಅದನ್ನು ಮುದುಕಿಯ ತಲೆಗೂ ಹೊರಿಸಿ ಬಂದ. ಅವನಿಗೇನೂ ಕಡಿಮೆಯಾಗಲಿಲ್ಲ. ನನಗೂ ಇವತ್ತಿನವರೆಗೆ ಆ ಸಂಕಟ ಬಿಟ್ಟಿಲ್ಲ. ಮುಂದಿನ ಹುತ್ತರಿ ಕಳೆದ ಮೇಲೆ ಹೋದಾಗ ನೆರೆಯವರು ಹೇಳಿದರು: ಊರಲ್ಲಿ ಎರಡು ಗುಂಡು ಕೇಳಿಸಿದರೆ ಬೊಳ್ಳವ್ವ ಈಗ ಯಾರ ಮನೆಗೂ ಹೋಗುವುದಿಲ್ಲ, ಬಾಗಿಲು ಹಾಕಿಕೊಂಡು ಒಳಗೇ ಕೂತುಬಿಡುತ್ತಾರೆ.