ದೊಲ್ಗೊರ್ ಸುರಿಯದ ಎಣ್ಣೆ

"ಆ ಡಬ್ಬಿ ಕೆಳಗಿಡಿ ಭಾವ. ನನ್ನ ಗುಂಡಿ ಮೇಲೆ ನಿಂತ ಗಾಡಿಗೆ ಅದನ್ನ ಹಾಕಲ್ಲ."

"ನಿನ್ನ ಗುಂಡಿ? ಇದನ್ನ ಅಗೆದೋನು ಯಾರು, ನಿಮ್ಮಪ್ಪನಾ?"

"ನೀವೇ ಅಗೆದದ್ದು. ಅದಕ್ಕೇ ಇಷ್ಟೊತ್ತು ಮರ್ಯಾದೆಯಾಗಿ ಮಾತಾಡ್ತಿದೀನಿ."

ಉಲಿಯಾಸ್ತಾಯ್ ಪೇಟೆಯ ಅಂಚಿನ ತಗಡಿನ ಶೆಡ್ಡು. ಬಿಸಿಲು ಇನ್ನೂ ಗುಡ್ಡ ಇಳಿದಿಲ್ಲ. ಗಾಡಿಯ ತಳಕ್ಕೆ ಇಳಿದು ಕೆಲಸ ಮಾಡಲು ನೆಲದಲ್ಲಿ ಅಗೆದ ಗುಂಡಿಯ ಮೇಲೆ, ಎಂಜಿನ್ನಿಗೆ ಗಾಳಿ ಊದಿ ಬಲ ಕೊಡುವ ಟರ್ಬೊ ಕೂಡಿಸಿದ ಡೀಸೆಲ್ ಪಿಕಪ್ ಒಂದು ನಿಂತಿದೆ. ಅದರ ಹೊಟ್ಟೆಯಿಂದ ಹಳೆಯ ಎಣ್ಣೆ ನೂಲಿನಂತೆ ಬಾಣಲೆಗೆ ಇಳಿಯುತ್ತಿದೆ. ಕೆಳಗೆ ನಿಂತವಳು ದೊಲ್ಗೊರ್. ಎಂಜಿನ್ನಿನ ಬಿರಡೆ ಅವಳ ಮುಷ್ಟಿಯಲ್ಲಿದೆ. ಮೇಲೆ ನಿಂತವನು ಅವಳ ಗಂಡನ ಅಣ್ಣ ಚೋಯ್‌ಜಿಲ್. ಗಾಡಿ ಅವನದು, ಗಟ್ಟಿ ಎಣ್ಣೆಯ ಡಬ್ಬಿಯೂ ಅವನೇ ತಂದದ್ದು. ನಾಳೆ ಅವನು ತನ್ನ ಮಗಳ ಸಂಸಾರವನ್ನು, ಗುಡಾರ, ಒಲೆ, ಮೂರು ಮಕ್ಕಳ ಸಮೇತ, ಜಗಸ್ತಾಯ್ ಘಟ್ಟ ದಾಟಿಸಿ ಚಳಿಗಾಲದ ಬೀಡಿಗೆ ಮುಟ್ಟಿಸಬೇಕು. ಹಿಮ ಬಿದ್ದರೆ ದಾರಿ ಮುಚ್ಚುತ್ತದೆ.

ಈ ಪೇಟೆಯಲ್ಲಿ ದೊಲ್ಗೊರಳ ಹೆಸರು ಗೊತ್ತಿರುವವರು ಕಡಿಮೆ. 'ಎಣ್ಣೆಯವಳು' ಎಂದರೆ ಮಾತ್ರ ಯಾರಾದರೂ ದಾರಿ ತೋರಿಸುತ್ತಾರೆ. ವಯಸ್ಸು ನಲವತ್ತು ದಾಟಿದೆ. ಉಗುರಿನ ಸುತ್ತಲಿನ ಕಪ್ಪು ಹೊಸ ವರ್ಷದ ಹಬ್ಬಕ್ಕೂ ಹೋಗುವುದಿಲ್ಲ. ಚಳಿಗೆ ಮುಂಚಿನ ಈ ವಾರಗಳಲ್ಲಿ ದಿನಕ್ಕೆ ಏಳೆಂಟು ಗಾಡಿಗಳ ಎಣ್ಣೆ ಬದಲಿಸುತ್ತಾಳೆ. ಎಂಜಿನ್ ಬಿಚ್ಚುವ ಕೆಲಸಕ್ಕೆ ಕೈ ಹಾಕುವುದಿಲ್ಲ. ಯಾವ ಗಾಡಿಗೆ, ಯಾವ ದಾರಿಗೆ, ಎಂಥ ಚಳಿಗೆ ಯಾವ ಎಣ್ಣೆ ಎನ್ನುವುದಷ್ಟೇ ಅವಳ ಕಸುಬು.

ಡಬ್ಬಿಯ ಮೇಲೆ ಎರಡು ಅಂಕಿಗಳಿರುತ್ತವೆ. ಬಹಳ ಜನ ಎರಡನೆಯದನ್ನು ಮಾತ್ರ ನೋಡಿ ಕೊಳ್ಳುತ್ತಾರೆ. "ಮೊದಲನೇದು ಬೆಳಗ್ಗೆಗೆ, ಎರಡನೇದು ಘಟ್ಟಕ್ಕೆ" ಎನ್ನುತ್ತಾಳೆ ಅವಳು. ಮೊದಲ ಅಂಕಿ ಸಣ್ಣದಾದಷ್ಟೂ ಕೊರೆಯುವ ಚಳಿಯಲ್ಲಿ ಎಣ್ಣೆ ಬೇಗ ಹರಿಯುತ್ತದೆ. ಎರಡನೆಯದು ದೊಡ್ಡದಾದಷ್ಟೂ ಕಾದ ಎಂಜಿನ್ನಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಚೋಯ್‌ಜಿಲ್ ತಂದದ್ದು ಹದಿನೈದು-ನಲವತ್ತು. ಅವಳು ಎತ್ತಿಟ್ಟಿದ್ದು ಸೊನ್ನೆ-ನಲವತ್ತು. ಹೊರೆ ಹೊತ್ತು ಘಟ್ಟ ಏರುವಾಗ ಎರಡೂ ಒಂದೇ. ವ್ಯತ್ಯಾಸ ಇರುವುದು ಬೆಳಗಿನ ಮೊದಲ ಗಳಿಗೆಯಲ್ಲಿ.

ಅದನ್ನು ತೋರಿಸಲು ಅವಳ ಹತ್ತಿರ ಒಂದು ಉಪಾಯವಿದೆ. ಶೆಡ್ಡಿನ ಹೊರಗೋಡೆಯ ಮೊಳೆಗಳಿಗೆ ಔಷಧಿಯ ಹಳೆ ಸೀಸೆಗಳನ್ನು ತೂಗುಹಾಕಿದ್ದಾಳೆ, ಒಂದೊಂದರಲ್ಲಿ ಒಂದೊಂದು ಎಣ್ಣೆ. ರಾತ್ರಿಯಿಡೀ ಅವು ಗಾಡಿಗಳ ಜೊತೆಗೇ ನೆನೆಯುತ್ತವೆ, ನೀರಿನಲ್ಲಲ್ಲ, ಚಳಿಯಲ್ಲಿ. ಬೆಳಗ್ಗೆ ವಾದಕ್ಕೆ ಬಂದವರ ಮುಂದೆ ಬಗ್ಗಿಸುತ್ತಾಳೆ. ಇವತ್ತೂ ಬಗ್ಗಿಸಿದಳು. ಸೊನ್ನೆಯದು ಸೀಸೆಯ ಕುತ್ತಿಗೆಗೆ ಇಳಿಯಿತು. ಹದಿನೈದರದು ಜೇನಿನಂತೆ ಅರ್ಧಕ್ಕೇ ನಿಂತು ಯೋಚನೆ ಮಾಡಿತು.

"ಇದು ಇವತ್ತಿನ ಚಳಿ. ಇನ್ನೊಂದು ತಿಂಗಳಿಗೆ ಇದು ಅಲ್ಲಾಡೋದೂ ಇಲ್ಲ" ಎಂದಳು. "ಟರ್ಬೊ ಒಳಗಿನ ಕಡ್ಡಿ ನಿಮಿಷಕ್ಕೆ ಲಕ್ಷ ಸುತ್ತು ಸುತ್ತುತ್ತೆ ಭಾವ. ಅದು ಕೂತಿರೋದು ಎಣ್ಣೆ ಪದರದ ಮೇಲೆ. ಎಣ್ಣೆ ಬರೋದ್ರೊಳಗೆ ಅದು ಒಣಗಿದ ಮೈಯಲ್ಲಿ ಉಜ್ಜಿಕೊಂಡಿರುತ್ತೆ."

"ನೀರಿನಂಥ ಎಣ್ಣೆ ಹಾಕ್ಕೊಂಡು ಘಟ್ಟ ಹತ್ತು ಅಂತೀಯ. ನಾನು ಗಾಡಿ ಹೊಡೆಯೋಕೆ ಶುರು ಮಾಡಿದಾಗ ನೀನು ಕುರಿಮರಿ ಹಿಂದೆ ಓಡ್ತಿದ್ದೆ."

"ಅಕ್ಕಾ, ಜಗಳ ಮುಗಿಯೋ ಹೊತ್ತಿಗೆ ನನ್ನ ಎಂಜಿನ್ ಕಲ್ಲಾಗುತ್ತೆ" ಎಂದು ಸರದಿಯಲ್ಲಿದ್ದ ಚಾಲಕನೊಬ್ಬ ಕೂಗಿದ.

"ಅವಸರ ಎಲ್ಲಾ ಮನೆಗೆ ಹೋಗಿ ಹೆಂಡ್ತಿ ಹತ್ರ ತೋರ್ಸು. ಇಲ್ಲಿ ಕಾಯಬೇಕು" ಎಂದಳು ದೊಲ್ಗೊರ್. ಸರದಿಯವರು ನಕ್ಕರು.

ಚೋಯ್‌ಜಿಲ್‌ನ ಮಾತು ಬಾಯಿಗೆ ಬಂದದ್ದಲ್ಲ. ಸಹಕಾರ ಸಂಘದ ಕಾಲದಲ್ಲಿ ರಷ್ಯಾದ ಲಾರಿ ಓಡಿಸಿದವನು ಅವನು. ಆ ಲಾರಿಗಳಿಗೆ ಟರ್ಬೊ ಇರಲಿಲ್ಲ. ಬೆಳಗ್ಗೆ ಎಣ್ಣೆ ತೊಟ್ಟಿಯ ಕೆಳಗೆ ಬೆಂಕಿ ಹಿಡಿದರೆ ಎಣ್ಣೆ ಕರಗುತ್ತಿತ್ತು, ಲಾರಿ ಹೊರಡುತ್ತಿತ್ತು. ಈಗಿನ ಪಿಕಪ್ಪಿನ ಕೆಳಗೆ ಬೆಂಕಿ ಹಿಡಿದರೆ ಕರಗುವುದು ಪ್ಲಾಸ್ಟಿಕ್ಕು, ತಂತಿ. ದೊಲ್ಗೊರಳಿಗೆ ಕಸುಬು ಕಲಿಸಿದವನು ಅವನೇ. ಬೆಂಕಿ ಹಿಡಿಯುವುದನ್ನೂ ಕಲಿಸಿದ್ದ, ಗಟ್ಟಿ ಎಣ್ಣೆಯೇ ಬಲ ಎಂದೂ ಕಲಿಸಿದ್ದ. ಅವಳು ಬಹಳ ಕಾಲ ಅದನ್ನೇ ನಂಬಿದ್ದಳು.

ನಂಬಿಕೆ ಮುರಿದದ್ದು ಮೂರು ಚಳಿಗಾಲಗಳ ಹಿಂದೆ. ಗಂಡ ಪುರೆವ್ ಹಿಟ್ಟಿನ ಮೂಟೆ ಹೇರಿಕೊಂಡು ಘಟ್ಟದಾಚೆ ಹೊರಟಿದ್ದ. ಗಾಡಿಗೆ ಗಟ್ಟಿ ಎಣ್ಣೆ ಹಾಕಿದ್ದಳು. ಹಾಕು ಎಂದದ್ದು ಯಾರು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡಿಲ್ಲ. ಏರಿನಲ್ಲಿ ಟರ್ಬೊ ಸಿಳ್ಳೆ ಹಾಕಿ ಹಿಡಿದುಕೊಂಡಿತು, ಗಾಡಿ ನಿಂತಿತು. ಪುರೆವ್ ನಡೆದು ಒಂದು ಗುಡಾರ ಮುಟ್ಟುವಷ್ಟರಲ್ಲಿ ಕೈ ಹೆಪ್ಪುಗಟ್ಟಿತ್ತು. ಎಡಗೈಯ ಮೂರು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದರು. ಈಗ ಅವನು ಗಾಡಿ ಓಡಿಸುವುದಿಲ್ಲ. ಶೆಡ್ಡಿನ ಒಲೆ ನೋಡಿಕೊಳ್ಳುತ್ತಾನೆ, ಬಂದವರಿಗೆ ಉಪ್ಪು ಹಾಕಿದ ಹಾಲಿನ ಚಹಾ ಕೊಡುತ್ತಾನೆ.

ಅಂದಿನಿಂದ ದೊಲ್ಗೊರ್ ತನಗೆ ಸರಿಯಲ್ಲವೆನಿಸಿದ ಎಣ್ಣೆಯನ್ನು ಯಾರ ಗಾಡಿಗೂ ಹಾಕುವುದಿಲ್ಲ. ಬೈದು ಹೋದವರುಂಟು. ಎದುರಿನ ಅಂಗಡಿಯವನು ಕೇಳಿದ್ದನ್ನು ಸುರಿದುಕೊಡುತ್ತಾನೆ, ಹೋದವರೆಲ್ಲ ಅಲ್ಲಿಗೇ ಹೋಗುತ್ತಾರೆ. "ಹೋಗಲಿ" ಎನ್ನುತ್ತಾಳೆ. "ಅವರ ಗಾಡಿ, ಅವರ ಮಾತು. ಸುರಿಯೋದು ನನ್ನ ಕೈ."

ಇವತ್ತು ಹೋಗಲಿ ಎನ್ನುವಂತಿಲ್ಲ. ಅವಳು ಗುಂಡಿ ಹತ್ತಿ ಬಂದು ಗಾಡಿಯ ಕಿಟಕಿ ತಟ್ಟಿ ತೋರಿಸಿದಳು. "ನಾಳೆ ಇಲ್ಲಿ ಮಕ್ಕಳು ಕೂರ್ತಾರೆ ಭಾವ."

ಪುರೆವ್ ಒಲೆಯ ಬಳಿಯಿಂದ ಎದ್ದು ಅಣ್ಣನಿಗೆ ಚಹಾದ ಬಟ್ಟಲು ತಂದ. ದೊಡ್ಡವರಿಗೆ ಕೊಡುವ ರೀತಿಯಲ್ಲೇ ಕೊಟ್ಟ: ಬಲಗೈಯಲ್ಲಿ ಬಟ್ಟಲು, ಬಲ ಮೊಣಕೈಗೆ ಎಡಗೈ ಆಸರೆ. ಉಳಿದಿದ್ದ ಎರಡು ಬೆರಳು ಅಣ್ಣನ ಕಣ್ಣ ಮುಂದೆಯೇ ಬಂದವು.

"ಕುಡಿಯಣ್ಣ" ಎಂದ ಪುರೆವ್. "ಆ ಸಲದ್ದು ನಿನ್ನ ತಪ್ಪು ಅಂತ ನಾವ್ಯಾರೂ ಅಂದ್ಕೊಂಡಿಲ್ಲ."

ಸಮಾಧಾನಕ್ಕೆಂದೇ ಆಡಿದ ಮಾತು. ಮೂರು ವರ್ಷದಲ್ಲಿ ಮೊದಲ ಸಲ ಆಡಿದ್ದು. ಸರದಿಯಲ್ಲಿದ್ದವರ ನಗು ನಿಂತಿತು. ಚೋಯ್‌ಜಿಲ್ ಬಟ್ಟಲನ್ನು ತೆಗೆದುಕೊಂಡ, ತುಟಿಗೆ ಸೋಕಿಸಲಿಲ್ಲ, ಗಾಡಿಯ ಮೂತಿಯ ಮೇಲಿಟ್ಟ. ಎಂಥ ಕೋಪದಲ್ಲೂ ಇಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ತಾನು ತಂದ ಡಬ್ಬಿಯನ್ನೂ ಅಲ್ಲೇ ಬಿಟ್ಟ, ಕೀಲಿಯನ್ನೂ ಬಿಟ್ಟ. ಟೋಪಿ ಸರಿಮಾಡಿಕೊಂಡು ಬಾಗಿಲು ದಾಟಿ ನದಿಯ ಕಡೆಗೆ ನಡೆದ.

ಬರುತ್ತಾನೆಂದು ದೊಲ್ಗೊರ್ ಸ್ವಲ್ಪ ಹೊತ್ತು ಕಾದಳು. ಬಟ್ಟಲಿನಲ್ಲಿ ಕೆನೆ ಕಟ್ಟಿತು. ಬಿರಡೆ ಬಿಗಿದಳು, ಸರದಿಯವರನ್ನು ಕರೆದಳು, ಎಲ್ಲರೂ ಸೇರಿ ಎಣ್ಣೆಯಿಲ್ಲದ ಗಾಡಿಯನ್ನು ಗೋಡೆಯ ಪಕ್ಕಕ್ಕೆ ತಳ್ಳಿದರು. ಸೊನ್ನೆ-ನಲವತ್ತನ್ನೇ ಹಾಕಿಟ್ಟುಬಿಡು ಎಂದರು ಒಬ್ಬಿಬ್ಬರು. ಅವಳು ಒಪ್ಪಲಿಲ್ಲ. ಗಾಡಿಯವನು ಹೂಂ ಅನ್ನದೆ ಅದನ್ನೂ ಸುರಿಯುವಂತಿಲ್ಲ.

ಮಾರನೆಯ ದಿನ ಚೋಯ್‌ಜಿಲ್‌ನ ಮಗಳ ಗುಡಾರ ಬೇರೆ ಯಾರದೋ ಲಾರಿಯಲ್ಲಿ ಘಟ್ಟ ದಾಟಿತು. ಮಕ್ಕಳು ಸುಖವಾಗಿ ಮುಟ್ಟಿದರೆಂದು ಸುದ್ದಿ ಬಂತು. ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೂ ಚೋಯ್‌ಜಿಲ್ ಶೆಡ್ಡಿನ ಕಡೆ ಬಂದಿಲ್ಲ. ಪಿಕಪ್ಪಿನ ಮೂತಿಗೆ ದೊಲ್ಗೊರ್ ಕಂಬಳಿ ಹೊದಿಸಿದ್ದಾಳೆ. ಸೊನ್ನೆ-ನಲವತ್ತರ ಡಬ್ಬಿ ಒಲೆಯ ಪಕ್ಕದಲ್ಲಿದೆ.

"ಭಾವ ಬಂದ ದಿನ ಇದನ್ನೇ ಹಾಕ್ತೀನಿ" ಎನ್ನುತ್ತಾಳೆ. "ಬರದಿದ್ರೂ ಆ ಇನ್ನೊಂದನ್ನ ಹಾಕಲ್ಲ."