ಚುಕ್ಕಿಗಳು ನಿಂತ ಮಧ್ಯಾಹ್ನ

ಇಂಥದ್ದನ್ನು ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವಳು ನಾನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಆಗ ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ನಮ್ಮದು ಸೂಪರ್ ರೆಸಲ್ಯೂಷನ್ ಸೂಕ್ಷ್ಮದರ್ಶಕ. ಜೀವಕೋಶದ ಅಣುಗಳಿಗೆ ಹೊಳೆಯುವ ಬಣ್ಣ ಅಂಟಿಸಿ ಲೇಸರ್ ಬಿಟ್ಟರೆ, ಒಂದೊಂದು ಅಣುವೂ ಬೆಳಕಿನ ಚುಕ್ಕಿಯಾಗಿ ಓಡಾಡುವುದು ಪರದೆಯ ಮೇಲೆ ಕಾಣುತ್ತದೆ. ಅದಕ್ಕೆ ಆರೋಗ್ಯವಂತರ ಚರ್ಮ ಬೇಕಿತ್ತು. ಹನೂರಿನ ಆಚೆ ಕೌದಳ್ಳಿಯಲ್ಲಿ ಅಂಗಡಿ ಇಟ್ಟಿದ್ದ ಅಪ್ಪ, “ನಂದೇ ತಕೊ ಕಣವ್ವಾ” ಎಂದು ಮೈಸೂರಿಗೇ ಬಂದು, ಕಾಳಿನಷ್ಟು ಚರ್ಮ ಕೊಟ್ಟು ಬಸ್ಸು ಹತ್ತಿದ್ದರು. ಎರಡೇ ತಿಂಗಳಿಗೆ ಹೃದಯಾಘಾತವಾಗಿ ಹೋಗಿಬಿಟ್ಟರು. ಬಟ್ಟಲುಗಳಲ್ಲಿ ಬೆಳೆಸಿದ್ದ ಅವರ ಜೀವಕೋಶಗಳು ಬದುಕಿದ್ದವು. ನಮ್ಮ ಕೆಲಸದಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೆಯ ಮಧ್ಯಾಹ್ನ ಊರಿನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದೆ. ಮೈಸೂರಿನಲ್ಲಿ ಗೆಳತಿ ನನ್ನ ಪರವಾಗಿ ನಡೆಸುತ್ತಿದ್ದ ಪ್ರಯೋಗ ಪರದೆಯಲ್ಲಿ ನೇರವಾಗಿ ಕಾಣುತ್ತಿತ್ತು. ಅವ್ವ ಬಂದು ಅದೇನೆಂದು ಕೇಳಿದಳು. ಅಪ್ಪನ ಚರ್ಮ, ಇನ್ನೂ ಜೀವಂತವಾಗಿದೆ ಎಂದು ಬಾಯಿತಪ್ಪಿ ಹೇಳಿ ನಾಲಿಗೆ ಕಚ್ಚಿಕೊಂಡೆ.

ಅವ್ವ ಬಿಳಿಚಿಕೊಂಡಳು. “ಮಣ್ಣು ಮಾಡಿ ಬಂದ್ವಲ್ಲವ್ವಾ! ನೀನಿಲ್ಲಿ ಇಡ್ಕಂಡು ಕೂತಿದ್ರೆ ಅವ್ರು ಎಂಗೋದಾರು?”

ನಾನು ಎಷ್ಟು ಬಿಡಿಸಿ ಹೇಳಿದರೂ ಕೇಳಲಿಲ್ಲ. ಸೆರಗನ್ನು ತಲೆಗೆ ಎಳೆದುಕೊಂಡು ಪರದೆಯ ಮುಂದೆ ಕುಳಿತಳು. “ಸಾಕು ಕಣ್ರಿ. ನಮ್ ಯೋಚ್ನೆ ಬುಟ್ಟು ಓಗಿ” ಎಂದಳು.

ಚುಕ್ಕಿಗಳೆಲ್ಲ ನಿಂತುಬಿಟ್ಟವು.

ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಲೇ ಇದ್ದವು. ಅಷ್ಟರಲ್ಲಿ ಗೆಳತಿಯದೇ ಫೋನ್ ಬಂತು. “ಏನೇ ಇದು, ಎಲ್ಲಾ ನಿಂತೋಯ್ತು!” ಎಂದು ಕಿರುಚಿದಳು. ಶಾಖ ಸರಿಯಿತ್ತು, ಲೇಸರ್ ಸರಿಯಿತ್ತು. ಬೇರೆಯವರ ಜೀವಕೋಶ ಇಟ್ಟರೆ ಚುಕ್ಕಿಗಳು ಎಂದಿನಂತೆ ಓಡಾಡಿದವು. ಲೇಸರನ್ನೇ ಕಾಣದೆ, ಜೀವಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಲ್ಲಿದ್ದ ಅಪ್ಪನ ಉಳಿದ ಬಟ್ಟಲುಗಳನ್ನು ತೆಗೆದು ನೋಡಿದರೆ, ಅಲ್ಲೂ ಒಂದು ಚುಕ್ಕಿ ಅಲುಗುತ್ತಿರಲಿಲ್ಲ. ಜೀವಕೋಶ ಸತ್ತರೂ ಅಣುಗಳು ಹೀಗೆ ಒಂದೇ ಏಟಿಗೆ ನಿಲ್ಲುವುದಿಲ್ಲ.

ಅವ್ವ ಎದ್ದು ಹೋಗಿ, ಅಪ್ಪ ಹೋದ ಮೇಲೆ ಮೊದಲ ಸಲ, ಹೊಟ್ಟೆತುಂಬ ಉಂಡು ಮಲಗಿದಳು.

ವರ್ಷಗಳು ಕಳೆದವು. ಬಲ್ಲವರಿಗೆಲ್ಲ ಆ ವಿಡಿಯೊ ತೋರಿಸಿದ್ದೇನೆ, ನನಗೆ ಒಪ್ಪಿಗೆಯಾಗುವ ಕಾರಣವನ್ನು ಯಾರೂ ಕೊಟ್ಟಿಲ್ಲ. ಅವ್ವನಿಗೆ ನಾನು ಹೇಳದ ಮಾತೊಂದಿದೆ. ಅಪ್ಪನ ಜೀವಕೋಶಗಳ ಒಂದು ಟ್ಯೂಬನ್ನು ಆ ಮಧ್ಯಾಹ್ನಕ್ಕೂ ಮೊದಲೇ ಹೆಪ್ಪುಗಟ್ಟಿಸಿ ಇಟ್ಟಿದ್ದೆ. ಅದು ಈಗಲೂ ಇದೆ. ಹಾಗಿಟ್ಟ ಜೀವಕೋಶಗಳು ಕರಗಿಸಿದರೆ ಮತ್ತೆ ಬದುಕುತ್ತವೆ. ಕರಗಿಸಿ ನೋಡಿದರೆ ಏನಾದರೊಂದು ಗೊತ್ತಾದೀತು. ಎರಡು ಸಲ ಕೈಗೆತ್ತಿಕೊಂಡು ಹಾಗೇ ಒಳಗಿಟ್ಟೆ. ಚುಕ್ಕಿಗಳು ಓಡಾಡಿಬಿಟ್ಟರೆ ಅವ್ವನಿಗೆ ಏನು ಹೇಳಲಿ?